ಅತ್ತೆ ತಾವೇ ಎದ್ದರು

“ಅಕ್ಕಾರ, ನೀವು ಕೈ ಹಚ್ಚಬ್ಯಾಡ್ರಿ. ಅವರೇ ಏಳಲಿ,” ಎಂದು ನರ್ಸ್ ತಡೆದಾಗ ನನಗೆ ಗಾಬರಿಯಾಯಿತು. ಸೊಂಟದ ಆಪರೇಷನ್ ಆದಾಗಿನಿಂದ ಅತ್ತೆಯನ್ನು ನಾನೇ ಎತ್ತಿ ಕಮೋಡಿನ ಮೇಲೆ ಕೂರಿಸುತ್ತಿದ್ದೆ. ಲಕಮನಹಳ್ಳಿಯ ಈ ಆರೈಕೆ ಮನೆಗೆ ಸೇರಿಸುವಾಗಲೂ ಹಾಗೆಯೇ ಹೇಳಿದ್ದೆ. ಇಲ್ಲಿಯವರು ಅದನ್ನೇ ಬರೆದುಕೊಂಡರೆ, ಪ್ರತಿ ಸಲ ಎತ್ತುವವರಿಲ್ಲದೆ ತಮಗೆ ಡಯಾಪರೇ ಗತಿ ಎಂದು ಅತ್ತೆಗೆ ಅಂಜಿಕೆ.

ನರ್ಸ್ ಗಾಲಿಕುರ್ಚಿಗೆ ಬ್ರೇಕ್ ಹಾಕಿ, ಗೋಡೆಯ ಹಿಡಿಕೆ ತೋರಿಸಿ, ಪಕ್ಕದಲ್ಲೇ ನಿಂತರು. ಅತ್ತೆ ಅದನ್ನು ಹಿಡಿದು ನಡುಗುತ್ತ ಎದ್ದರು, ಮೆಲ್ಲಗೆ ತಿರುಗಿ ಕಮೋಡಿನ ಮೇಲೆ ತಾವೇ ಕೂತರು. ನಾವಿಬ್ಬರೂ ಕಣ್ಣು ಬಿಟ್ಟುಕೊಂಡು ನಿಂತಿದ್ದೆವು.

“ಏನವಾ, ನಾಟಕ ನೋಡಾಕತ್ತೀರೇನ? ಬಾಗಲಾ ಮುಚ್ರಿ!”

“ಹತ್ತಿರ ಒಬ್ಬರು ನಿಂತರೆ ಸಾಕು,” ಎಂದು ನರ್ಸ್ ನಗುತ್ತ ಬರೆದುಕೊಂಡರು.

ಅತ್ತೆಯಿಂದ ಬೈಸಿಕೊಂಡು ಅಷ್ಟು ನಿರಾಳವಾಗಿದ್ದು ನನಗೆ ಅದೇ ಮೊದಲು.