ಮೂರನೆಯ ಕರೆ

ಗಿಟಾರ್ ನುಡಿಸಿ ಹೊಟ್ಟೆ ಹೊರೆಯುತ್ತೇನೆ ಎಂದರೆ ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಜನ ನಗುತ್ತಿದ್ದರು. ಆದರೂ ಕೆಲಸವಿತ್ತು. ಗಣಪತಿ ಹಬ್ಬದ ಸಮಯದಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸ್ಟೇಜುಗಳಲ್ಲಿ ಆರ್ಕೆಸ್ಟ್ರಾ. ಉಳಿದ ದಿನಗಳಲ್ಲಿ ಚಿತ್ರದುರ್ಗದ ಒಂದು ಕ್ಯಾಸೆಟ್ ಸ್ಟುಡಿಯೋ. ಅಲ್ಲಿ ಭಕ್ತಿಗೀತೆಗೂ ನುಡಿಸಿದ್ದೇನೆ, ಸೀರೆ ಅಂಗಡಿಯ ಜಾಹೀರಾತಿಗೂ ನುಡಿಸಿದ್ದೇನೆ.

ನನಗೆ ಹಿಡಿಸಿದ್ದು ಬೇರೆಯೇ ಸಂಗೀತ. ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ರಾಕ್ ಸಂಗೀತದ ಕೆಲವು ಕ್ಯಾಸೆಟ್ಟುಗಳನ್ನು ಕಾಪಿ ಮಾಡಿಸಿ ತಂದುಕೊಟ್ಟಿದ್ದ. ಅವುಗಳಲ್ಲಿ ಗಿಟಾರು ಕಿರುಚುತ್ತಿತ್ತು, ನರಳುತ್ತಿತ್ತು, ಕೆಲವೊಮ್ಮೆ ಸುಮ್ಮನೆ ಉಸಿರಾಡುತ್ತಿತ್ತು. ನಾನೂ ತಂತಿಗಳ ಮೇಲೆ ಗರಗಸದ ಬ್ಲೇಡು, ಚಮಚ, ಔಷಧಿಯ ಗಾಜಿನ ಸೀಸೆ ಎಲ್ಲವನ್ನೂ ಉಜ್ಜಿ ನೋಡಿದೆ. ಸ್ಟುಡಿಯೋದ ಯಜಮಾನ ಕಿವಿಗೆ ಕೈ ಇಡುತ್ತಿದ್ದ. "ಲೇ, ಬೆಕ್ಕು ಕಚ್ಚಾಡಿದಂಗೈತೆ. ದೇವರ ಹಾಡಿಗೆ ಇದನ್ನ ತರಬ್ಯಾಡ ಕಣೋ, ದೇವರು ಎದ್ದು ಹೋಗ್ತಾನೆ." ನನ್ನ ಪ್ರಯೋಗಗಳನ್ನು ಕೇಳಿ ಪಡೆಯುತ್ತಿದ್ದವರು ನಾಟಕದವರು ಮಾತ್ರ, ಅದೂ ದೆವ್ವದ ಸೀನಿಗೆ.

ಆ ಪ್ರಯೋಗಗಳಲ್ಲಿ ಒಂದು ಸ್ಟೇಜಿನ ಮೇಲೆ ಹೆಸರಾಯಿತು. ಕಿರುಬೆರಳಿಗೆ ಗಾಜಿನ ಸೀಸೆ ತೊಟ್ಟು ತಂತಿಯ ಮೇಲೆ ಜಾರಿಸುತ್ತ, ಕಾಲಿನ ಪೆಡಲನ್ನು ಒತ್ತಿ ಬಿಟ್ಟರೆ, ಬಾಯಿ ತೆರೆದು ಮುಚ್ಚಿದ ಹಾಗೆ ನಾದ ತೆರೆದುಕೊಂಡು ಮುಚ್ಚಿಕೊಳ್ಳುತ್ತದೆ. ಸರಿಯಾಗಿ ಬಂದರೆ ಗಿಟಾರು "ಅವ್ವಾ" ಎನ್ನುತ್ತದೆ. ಜನ ಹಾಡು ಬಿಟ್ಟು ಅದನ್ನೇ ಕೇಳುತ್ತಿದ್ದರು. "ಅವ್ವಾ ಅನ್ಸಪ್ಪ, ಇನ್ನೊಂದ್ಸಲ ಅನ್ಸು" ಎಂದು ಹಿಂದಿನಿಂದ ಕೂಗುತ್ತಿದ್ದರು. ನಾನೂ ನಗುತ್ತ ಅನ್ನಿಸುತ್ತಿದ್ದೆ.

ಸ್ಟುಡಿಯೋದ ಎದುರಿಗೆ ಎಣ್ಣೆ ಮಿಲ್ಲಿತ್ತು. ಅದು ಊಟಕ್ಕೆ ನಿಂತಾಗ ಮಾತ್ರ ನಮ್ಮ ರೆಕಾರ್ಡಿಂಗ್. ಅಂಥ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಒಳಗೆ ಬಂದರು. ಐವತ್ತು ದಾಟಿರಬೇಕು. ಯಜಮಾನನನ್ನು ನೋಡದೆ ನೇರವಾಗಿ ನನ್ನ ಕೈಯಲ್ಲಿದ್ದ ಗಿಟಾರನ್ನು ನೋಡಿದರು.

"ಏನಪ್ಪ, ಹೊಸದುರ್ಗದಾಗೆ ಗಣಪತಿ ಮುಂದೆ ಅವ್ವಾ ಅಂತ ಕೂಗ್ಸಿದೋನು ನೀನೇ ಏನು?"

"ಹೂನಮ್ಮ. ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ. ಅದನ್ನ ನಂಗೆ ಕೂಗ್ಸಿ ಕೊಡು. ಮೂರು ಸಲ."

ಯಾಕೆಂದು ಕೇಳಿದೆ. ಬಸ್ಸಿನ ವಿಷಯ ಹೇಳುವ ದನಿಯಲ್ಲೇ ಹೇಳಿದರು. ಅವರದು ಶ್ರೀರಾಂಪುರದ ಕಡೆಯ ಹಳ್ಳಿ. ಹಿಂದಿನ ವರ್ಷ ಒಂದು ಸಂಜೆ ಮುದ್ದೆಗೆ ಎಸರಿಟ್ಟು ಕೂತಿದ್ದಾಗ, ಮನೆಯ ಹಿಂದಿನ ಹುಲ್ಲಿನ ಬಣವೆಯ ಕಡೆಯಿಂದ, ಪೇಟೆಗೆ ಹೋಗಿ ಮಾರನೆಯ ದಿನ ಬರಬೇಕಿದ್ದ ಮಗನ ದನಿ "ಅವ್ವಾ" ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ. ಕತ್ತಲಲ್ಲಿ ಮುಖ ಕಾಣಿಸದವರು ಕರೆದರೆ ಮೂರನೆಯ ಸಲಕ್ಕೆ ಮುಂಚೆ ಓಗೊಡಬಾರದು, ದೆವ್ವಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲ ಎಂದು ನನ್ನ ತಾಯಿಯೂ ನನಗೆ ಹೇಳಿಕೊಟ್ಟಿದ್ದರು. ಆಕೆ ಮೂರನೆಯದಕ್ಕೆ ಕಾದರು. ಅದು ಬರಲಿಲ್ಲ. ಬೆಳಿಗ್ಗೆ ನೋಡಿದರೆ ಬಣವೆಯ ಪಕ್ಕದಲ್ಲಿ ಮಗನೇ ಬಿದ್ದಿದ್ದ. ಹಾವು ಕಡಿದಿತ್ತು.

"ಮೂರ್ನೇದಕ್ಕೆ ಓ ಅಂದು ಹೋಗ್ತೀನಿ. ಅಷ್ಟೇ. ಮತ್ತೇನೂ ಬ್ಯಾಡ ನಂಗೆ."

ಯಜಮಾನ ತಲೆ ಕೆರೆದುಕೊಂಡ. "ಟೇಪಿಗೆ ಹಾಕ್ಕೊಡ್ತೀವಿ ಬಿಡ್ರಿ. ಮನ್ಯಾಗೆ ಎಷ್ಟು ಸಲ ಬೇಕಾದ್ರೂ ಕೇಳ್ಕಳ್ರಿ."

"ಟೇಪಿಗೆ ಯಾರಾದ್ರೂ ಓಗೊಡ್ತಾರೇನಪ್ಪ?"

ಅವನು ಗಾಜಿನ ಆಚೆ, ರೆಕಾರ್ಡಿಂಗ್ ಮೆಷಿನ್ನಿದ್ದ ತನ್ನ ಕೋಣೆಗೆ ಹೋದ.

ನಾನು ಸ್ಟೇಜಿನ ಮೇಲೆ ಅನ್ನಿಸುವಂತೆ ಒಮ್ಮೆ ಅನ್ನಿಸಿದೆ. ಆಕೆ ತಲೆಯಾಡಿಸಿದರು. "ಇದು ಕೂಸಿನ ದನಿ. ಅವನು ಮೀಸೆ ಬಂದೋನು." ದಪ್ಪ ತಂತಿಗೆ ಇಳಿದೆ. "ಈಗ ಮುದುಕ ಆದ." ನಡುವಿನ ತಂತಿಗೆ ಬಂದೆ. "ಕೊನೇಗೆ ಎಳೀಬ್ಯಾಡ. ಅವನು ದಡಕ್ಕನೆ ನಿಲ್ಲಿಸ್ತಿದ್ದ, ಯಾರೋ ಬಾಯಿ ಮುಚ್ಚಿದಂಗೆ." ಎಷ್ಟೋ ಸಂಗೀತ ನಿರ್ದೇಶಕರ ಕೈಕೆಳಗೆ ನುಡಿಸಿದ್ದೇನೆ, ಯಾರೂ ನನ್ನನ್ನು ಇಷ್ಟು ಕರಾರುವಾಕ್ಕಾಗಿ ತಿದ್ದಿರಲಿಲ್ಲ. ಕೊನೆಗೊಮ್ಮೆ ನುಡಿಸಿದಾಗ ಆಕೆ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡರು. ದನಿ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು.

"ಇಲ್ಲೀಗಂಟ ಕೂಗ್ಸಿದ್ದು ಲೆಕ್ಕಕ್ಕಿಲ್ಲ. ಈಗ ಸುರು ಮಾಡು" ಎಂದು ನನಗೆ ಬೆನ್ನು ಮಾಡಿ ಕೂತರು. ಆ ಸಂಜೆ ಒಲೆಯ ಮುಂದೆ ಹಾಗೇ ಕೂತಿದ್ದಿರಬೇಕು.

ನಾನು ಒಮ್ಮೆ ಕರೆದೆ. ಆಕೆ ಅಲುಗಲಿಲ್ಲ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆದೆ. ಆ ದನಿ ನಿಲ್ಲುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು.

ಆ ಕೋಣೆಗೆ ಬೆಳಕು ಬರುವ ಕಿಟಕಿ ಇರಲಿಲ್ಲ. ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆಲ್ಲ ತೆಂಗಿನ ನಾರು ತುಂಬಿದ ಗೋಣಿತಟ್ಟು ಹೊಡೆದಿದ್ದರು. ಕತ್ತಲಾಯಿತು. ಮೇಲಿನ ಫ್ಯಾನು ತಿರುಗಿ ತಿರುಗಿ ನಿಂತಿತು. ಕರೆಂಟ್ ಇಲ್ಲದ ಎಲೆಕ್ಟ್ರಿಕ್ ಗಿಟಾರು ಬರೀ ಮರ, ಮೀಟಿದರೆ ಸೊಳ್ಳೆಯಷ್ಟು ಸದ್ದು. ಮೀಟುವ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅದು ತೊಡೆಯ ಮೇಲೆಯೇ ಇತ್ತು. ಎಡಗೈಯ ಸೀಸೆ ಮಾತ್ರ ಆ ನಡುವಿನ ತಂತಿಯ ಮೇಲೆ ಒರಗಿತ್ತು.

ಸೀಸೆಯ ಕೆಳಗೆ ತಂತಿ ನಡುಗಿತು.

"ಓ... ಬಂದೆ ಕಣೋ" ಎಂದರು ಆಕೆ.

ಆಮೇಲೆ ತಡಕಾಡುತ್ತ ಎದ್ದು ಬಾಗಿಲು ತೆರೆದರು. ಹೊರಗೆ ಸುಡು ಬಿಸಿಲು. "ಬರ್ತೀನಪ್ಪ" ಎಂದು ಹಿಂದೆ ನೋಡದೆ ಹೋದರು.

ಯಜಮಾನ ಟಾರ್ಚ್ ಹಿಡಿದು ಬಂದ. "ಲೇ, ಕರೆಂಟ್ ಹೋದ್ಮೇಲೆ ಹೆಂಗೋ ಕೂಗ್ಸಿದೆ?"

"ಕೂಗಿದ್ದು ಕೇಳಿಸ್ತಾ ನಿನಗೆ?"

"ಇಲ್ಲ. ಆಯಮ್ಮ ಓ ಅಂದಿದ್ದು ಕೇಳ್ತು. ಅದಕ್ಕೇ ಅಂದೆ."

ನನಗೂ ಏನೂ ಕೇಳಿಸಿರಲಿಲ್ಲ. ತಂತಿ ನಡುಗಿದ್ದು ಬೆರಳಿಗೆ ತಿಳಿಯಿತು, ಅಷ್ಟೆ. ಅದಕ್ಕೆ ಕಾರಣವೂ ಇದೆ. ಹತ್ತಿರದಲ್ಲಿ ಯಾರಾದರೂ ದನಿ ಎತ್ತಿದರೆ ತಂತಿ ತಾನಾಗಿ ಅದಿರುತ್ತದೆ, ಗಿಟಾರ್ ಹಿಡಿದವರಿಗೆಲ್ಲ ಇದು ಗೊತ್ತು. ಮನೆಗೆ ಬಂದು ಹೆಂಡತಿಯನ್ನು ಬೆನ್ನು ತಿರುಗಿಸಿ ಕೂರಿಸಿ, "ಓ" ಅನ್ನು ಎಂದೆ. "ಇದೇನು ಹೊಸ ಹುಚ್ಚು" ಎಂದುಕೊಂಡೇ ಅವಳು ಅಂದಳು. ತಂತಿ ನಡುಗಿತು. ಆಮೇಲೂ ಎಷ್ಟೋ ಸಲ ಹಾಗೆ ಮಾಡಿಸಿದ್ದೇನೆ, ಪ್ರತಿ ಸಲವೂ ನಡುಗಿದೆ. ಆದರೆ ಪ್ರತಿ ಸಲವೂ ದನಿ ಮೊದಲು, ನಡುಕ ಆಮೇಲೆ. ಆ ಮಧ್ಯಾಹ್ನ ನಡುಕ ಮೊದಲು ಬಂತೆಂದೇ ನನ್ನ ನೆನಪು. ನೆನಪು ಹಿಂದುಮುಂದಾಗಿರಬಹುದು. ಕತ್ತಲಿತ್ತು, ಹೆದರಿದ್ದೆ. ಪ್ರಮಾಣ ಮಾಡಿ ಹೇಳಲಾರೆ.

ಎರಡು ಸಾವಿರದ ಇಸವಿ ದಾಟಿತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು, ಕ್ಯಾಸೆಟ್ ಹೋಯಿತು, ಸ್ಟುಡಿಯೋದ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ನನ್ನ ವಿಚಿತ್ರ ಸದ್ದುಗಳಿಗೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಬೇಡಿಕೆ ಹುಟ್ಟಿತು. ಬೆಳಿಗ್ಗೆಯ ಬಸ್ಸಿಗೆ ಹೋಗಿ ನುಡಿಸಿ ಬರುತ್ತಿದ್ದೆ. ಗರಗಸದ ಬ್ಲೇಡು, ಚಮಚ ಎಲ್ಲ ಜೊತೆಗಿರುತ್ತಿದ್ದವು. ಸೀಸೆ ಮಾತ್ರ ಇಲ್ಲ. ಸ್ಟೇಜಿನಲ್ಲಿ ಯಾರಾದರೂ "ಅವ್ವಾ ಅನ್ಸು" ಎಂದರೆ ಸೀಸೆ ಒಡೆದುಹೋಯಿತು ಎನ್ನುತ್ತಿದ್ದೆ.

ಆದರೆ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ. ನಾನೇ ಮೂರನೆಯ ಸಲ ಕರೆದೆನೆಂದು ತಿಳಿದು ಆಕೆ ಓಗೊಟ್ಟು ಹೋಗಿದ್ದರು. ನಾನು ಕರೆದಿರಲಿಲ್ಲ. ಆಕೆಗೆ ಸಿಕ್ಕ ಸಮಾಧಾನ ಸುಳ್ಳಿನ ಮೇಲೆ ನಿಂತಿದೆಯೇ? ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ನನಗೆ ನಿದ್ದೆಯಿಲ್ಲ.

ಒಂದು ದಿನ ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತ ಆಕೆ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೆನ್ನ ಮೇಲಿನ ಗಿಟಾರಿನ ಚೀಲ ನೋಡಿ ನನ್ನನ್ನು ಗುರುತು ಹಿಡಿದರು.

"ಚೆನ್ನಾಗಿದೀಯೇನಪ್ಪ? ಇನ್ನೂ ಕೂಗಿಸ್ತೀಯ?"

"ಇಲ್ಲಮ್ಮ, ಬಿಟ್ಟೆ." ಅವರ ಪಕ್ಕ ಕೂತೆ. ಇಷ್ಟು ವರ್ಷ ಕಟ್ಟಿಟ್ಟಿದ್ದ ಮಾತನ್ನು ಹೇಳಿಯೇಬಿಟ್ಟೆ. "ಅಮ್ಮ, ಅವತ್ತು ಕರೆಂಟ್ ಹೋತಲ್ಲ. ನಾನು ಕೂಗ್ಸಿದ್ದು ಎರಡೇ ಸಲ. ಮೂರ್ನೇದು ನಾನು ಕೂಗಿಸ್ಲೇ ಇಲ್ಲ."

ಆಕೆ ಎಲೆಯಡಿಕೆಯ ಚೀಲದ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗೊತ್ತು ಕಣಪ್ಪ. ನೀನು ಕೂಗಿಸಿದ್ದಕ್ಕಾದ್ರೆ ನನ್ನ ಬಾಯಾಗೆ ಓ ಅಂತ ಬರ್ತಿತ್ತೇನು?"

ಬಸ್ಸು ಬಂತು. ಹತ್ತಲು ನಾನು ಕೈಹಿಡಿದೆ. ಹಗುರವಾದ, ಬೆಚ್ಚಗಿನ ಕೈ. ಸ್ವಲ್ಪವೂ ನಡುಗುತ್ತಿರಲಿಲ್ಲ.