ಎಂಜಿನ್ನಿನ ಉಸಿರಿಗೆ ಕಟ್ಟಿದ ಡಬ್ಬಿ

ಭಾನುವಾರ ಬೆಳಿಗ್ಗೆ ಬೀದಿಯ ಮನೆಗಳಿಂದೆಲ್ಲ ಒಗ್ಗರಣೆಯ ಘಮ ಬರುವ ಹೊತ್ತಿಗೆ ನನ್ನ ಕೈ ಮಾತ್ರ ಸುಟ್ಟ ಆಯಿಲಿನ ನಾತ ಹೊಡೆಯುತ್ತಿತ್ತು. ತಿಂಗಳಿಗೊಮ್ಮೆ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿರುವ ಪುಟ್ಟ ಉಕ್ಕಿನ ಡಬ್ಬಿಯ ತಳದ ಬೋಲ್ಟು ಬಿಚ್ಚಿ, ಒಳಗೆ ಕೂಡಿದ ಎಣ್ಣೆಯನ್ನು ಹಳೆಯ ಬಾಟಲಿಗೆ ಬಸಿಯುವುದು ನನ್ನ ವ್ರತ. ಬೇರೆ ಯಾವ ವ್ರತವನ್ನೂ ಇಷ್ಟು ತಪ್ಪದೆ ಮಾಡಿದವಳಲ್ಲ ನಾನು.

ಬಸಿಯುತ್ತಿದ್ದಾಗ ಗೇಟಿನ ಕಡೆಯಿಂದ ಮಾತು ಕೇಳಿಸಿತು. ಎದುರುಮನೆಗೆ ಹೊಸದಾಗಿ ಬಂದವರು ನಮ್ಮ ಯಜಮಾನರ ಹತ್ತಿರ ಕೆಟ್ಟುಹೋದ ನೀರಿನ ಮೋಟಾರಿನ ಕಷ್ಟ ಹೇಳಿಕೊಳ್ಳುತ್ತಿದ್ದರು.

"ಇಲ್ಲಿ ಮುರುಗೇಶಣ್ಣ ಅಂತ ಯಾರೋ ಇದಾರಂತಲ್ಲ ಸಾರ್?"

"ಇದಾರೆ. ಮನುಷ್ಯ ಒಳ್ಳೆಯವ್ರು. ಆದ್ರೆ ಕೈ ಮೊದಲಿನ ಹಾಗಿಲ್ಲ. ನೀವು ಶಿವಮೊಗ್ಗಕ್ಕೇ ತಗೊಂಡು ಹೋಗ್ಬಿಡಿ."

ನನಗೆ ಸ್ಪ್ಯಾನರ್ ತಿರುಗಿಸುವುದೇ ಮರೆತುಹೋಯಿತು. ನಮ್ಮವರ ಬಾಯಿಂದ ಆ ಮಾತು ಬರುವುದಕ್ಕೆ ಕಾರಣ ನಾನು. ಹೇಗೆ ಅಂತ ಹೇಳುತ್ತೇನೆ, ನೀವಾದರೂ ಕೇಳಿಸಿಕೊಳ್ಳಿ.

ಆರು ವರ್ಷದ ಹಿಂದೆ ನಾನು ಉಪ್ಪಿನಕಾಯಿ ಮಾಡಿ ಮಾರುವುದಕ್ಕೆ ಶುರುಮಾಡಿದ್ದೆ. ಭದ್ರಾವತಿಯ ನಮ್ಮ ಮನೆಯಲ್ಲಿ ಹಾಕುವುದು, ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಗಳಿಗೆ ಕೊಡುವುದು. ಭರಣಿಗಳನ್ನು ಬಸ್ಸಿನಲ್ಲಿ ಸಾಗಿಸಿ ಒಂದೆರಡು ಸಲ ಕಂಡಕ್ಟರನ ಪ್ಯಾಂಟಿಗೂ ಮಿಡಿಯ ರಸ ಕುಡಿಸಿದ ಮೇಲೆ, ಮನೆಯ ಹಳೆಯ ಡೀಸೆಲ್ ಕಾರನ್ನು ನಾನೇ ಓಡಿಸುವುದಕ್ಕೆ ಕಲಿತೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ! ಸ್ಟಿಯರಿಂಗ್ ಹಿಡಿದು ಮೊದಲ ಸಲ ಒಬ್ಬಳೇ ಶಿವಮೊಗ್ಗ ಮುಟ್ಟಿದ ದಿನ ಆದ ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮವರಿಗೆ ಹೇಳಬೇಡಿ.

ಆದರೆ ಕಾರು ನೀಲಿ ಹೊಗೆ ಉಗುಳುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. "ಇನ್ನೊಂದು ಸಲ ದಾರೀಲಿ ಕೈಕೊಟ್ರೆ ಮಾರ್ಬಿಡೋದೇ," ಎಂದರು ಯಜಮಾನರು. ನಾನು ಅಳುಮೋರೆ ಹಾಕಿಕೊಂಡು ಮುರುಗೇಶಣ್ಣನ ಹತ್ತಿರ ಹೋಗಿ ಇದನ್ನೆಲ್ಲ ಹೇಳಿಕೊಂಡೆ.

ಮುರುಗೇಶಣ್ಣ ನಮ್ಮ ಹಿಂದಿನ ಬೀದಿಯವರು, ಕಾರ್ಖಾನೆಯಲ್ಲಿ ಫಿಟರ್ ಆಗಿ ನಿವೃತ್ತರಾದವರು. ಆಗ ಬೀದಿಯ ಮಿಕ್ಸಿ, ಮೋಟಾರು, ಹೊಲಿಗೆ ಮಷೀನು ಎಲ್ಲ ಅವರ ಜಗಲಿಯ ಮೇಲೆ ಸರದಿಗೆ ಕಾದಿರುತ್ತಿದ್ದವು. ಅವರು ಎಂಜಿನ್ನಿನ ತಲೆಯಿಂದ ಗಾಳಿಯ ಪೈಪಿಗೆ ಹೋಗುವ ರಬ್ಬರ್ ನಳಿಗೆಯನ್ನು ಕಿತ್ತು ನನ್ನ ಅಂಗೈ ಮೇಲೆ ಕೊಡವಿದರು. ಕಪ್ಪಗೆ ಎಣ್ಣೆ ತೊಟ್ಟಿಕ್ಕಿತು.

"ನೋಡಮ್ಮಾ, ಎಂಜಿನ್ನೂ ಉಸಿರು ಬಿಡುತ್ತೆ. ಆ ಉಸಿರಲ್ಲಿ ಎಣ್ಣೆ ಇರುತ್ತೆ. ಅದನ್ನೇ ಮತ್ತೆ ಒಳಗೆ ಎಳ್ಕೊಂಡು ಸುಡ್ತಾ ಇದೆ. ನಡುವೆ ಒಂದು ಡಬ್ಬಿ ಇಟ್ರೆ ಎಣ್ಣೆ ಅಲ್ಲೇ ನಿಲ್ಲುತ್ತೆ, ಬರೀ ಗಾಳಿ ಮುಂದೆ ಹೋಗುತ್ತೆ."

ಪೇಟೆಯಲ್ಲಿ ಇದಕ್ಕೆ ಕ್ಯಾಚ್ ಕ್ಯಾನ್ ಎನ್ನುತ್ತಾರಂತೆ. ಅವರು ಪೈಪಿನ ತುಂಡೊಂದಕ್ಕೆ ತಳ, ಮುಚ್ಚಳ, ಎರಡು ಮೂತಿ ಬೆಸೆದು ತಾವೇ ಮಾಡಿದರು. ಎಣ್ಣೆ ಅಂಟಿ ನಿಲ್ಲಲಿ ಎಂದು ಒಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಒಂದು ಉಂಡೆಯನ್ನು ಬಿಡಿಸಿ ಇಟ್ಟರು. ಹೊಗೆ ಕಡಿಮೆಯಾಯಿತು. ಮೊದಲ ತಿಂಗಳಿಗೇ ಅರ್ಧ ಲೋಟ ಎಣ್ಣೆ ಸಿಕ್ಕಿತು. ನನಗೆ ಕೋಡು ಮೂಡಿತು.

ಆ ಕೋಡಿನ ಜೋರಿನಲ್ಲೇ ಡಬ್ಬಿಯನ್ನು ನಾನೇ ತೊಳೆದು ಹೊಸ ನಾರು ತುಂಬಲು ಕೂತೆ. ಇಪ್ಪತ್ತು ವರ್ಷದಿಂದ ಭರಣಿ ತುಂಬಿದ ಕೈ ನನ್ನದು. ಒತ್ತಿ ಒತ್ತಿ ತುಂಬಬೇಕು, ಗಾಳಿ ಉಳಿಯಬಾರದು, ಉಳಿದರೆ ಬೂಷ್ಟು ಹಿಡಿಯುತ್ತದೆ. ಆರು ಉಂಡೆ ನಾರನ್ನು ಮಿಡಿ ಒತ್ತಿದ ಹಾಗೆ ಹೆಬ್ಬೆರಳಲ್ಲಿ ಒತ್ತಿ, ಮುಚ್ಚಳ ಬಿಗಿದು, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮರುದಿನ ಶಿವಮೊಗ್ಗದ ದಾರಿಯಲ್ಲಿ ಮಲವಗೊಪ್ಪ ಬರುತ್ತಿದ್ದ ಹಾಗೆ ಬಾನೆಟ್ಟಿನೊಳಗೆ ಟಪ್ ಎಂದಿತು. ಎಂಜಿನ್ನಿಗೆ ಉಸಿರು ಬಿಡುವ ದಾರಿಯೇ ಕಟ್ಟಿಹೋಗಿ, ಆಯಿಲ್ ಅಳೆಯುವ ಕಡ್ಡಿ ತೂತಿನಿಂದ ಹಾರಿ, ಒಳಗೆಲ್ಲ ಎಣ್ಣೆಯ ಅಭ್ಯಂಜನವಾಗಿತ್ತು. ಹಿಂದೆ ಸೀಟಿನ ಮೇಲೆ ನಲವತ್ತು ಭರಣಿ. ನನಗೆ ಅಳು ಬಂತು. ಫೋನ್ ಮಾಡಿದೆ, ಮುರುಗೇಶಣ್ಣ ಮೊಪೆಡ್ಡಿನಲ್ಲಿ ಬಂದರು. ಡಬ್ಬಿ ಬಿಚ್ಚಿ ಉಂಡೆಗಳನ್ನು ಒಂದೊಂದಾಗಿ ಎಳೆದರು. ನಾಲ್ಕನೆಯದಕ್ಕೆ ನನ್ನ ಮುಖ ನೋಡಿದರು. ಬೈಯಲಿಲ್ಲ.

ಅಷ್ಟರಲ್ಲಿ ಅದೇ ದಾರಿಯಲ್ಲಿ ಕೆಲಸಕ್ಕೆ ಹೊರಟಿದ್ದ ನಮ್ಮ ಯಜಮಾನರು ಬೈಕ್ ನಿಲ್ಲಿಸಿದರು. "ಮತ್ತೆ ಕೈಕೊಡ್ತಾ? ನಾನು ಹೇಳಿರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮುರುಗೇಶಣ್ಣ ನಾರಿನ ಉಂಡೆಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು. "ನಂದೇ ತಪ್ಪು ಸಾರ್. ಡಬ್ಬಿ ಮಾಡಿದ್ದೇ ಸರಿಯಿಲ್ಲ. ಗಾಡಿದು ಏನೂ ಇಲ್ಲ, ಅಮ್ಮಂದೂ ಏನಿಲ್ಲ."

ಕಾರು ಉಳಿಯಿತು, ಒಂದೇ ಉಂಡೆ ನಾರಿನೊಂದಿಗೆ ಡಬ್ಬಿಯೂ ಉಳಿಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಒಂದು ವಾರ ಹೋಗಲಿ ಹೇಳೋಣ ಎಂದುಕೊಂಡೆ, ಮಾವಿನ ಕಾಲ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ನಮ್ಮವರು ಕಂಡಕಂಡವರಿಗೆ "ಮುರುಗೇಶಣ್ಣನ ಕೈ ಮೊದಲಿನ ಹಾಗಿಲ್ಲ" ಎಂದು ಕನಿಕರದಿಂದ ಹೇಳುತ್ತ ಬಂದರು. ಅವರ ಜಗಲಿ ನಿಧಾನಕ್ಕೆ ಖಾಲಿಯಾಯಿತು. ಆ ಬೀದಿಯಲ್ಲಿ ಹೋಗುವಾಗ ನಾನು ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು.

ಇವತ್ತು ಮಾತ್ರ ತಡೆಯಲಾಗಲಿಲ್ಲ. ಎಣ್ಣೆಯ ಕೈಯಲ್ಲೇ ಗೇಟಿಗೆ ಹೋದೆ. "ರೀ, ಅವರ ಕೈ ಸರಿಯಾಗೇ ಇದೆ. ಡಬ್ಬಿಗೆ ನಾರು ಒತ್ತಿ ತುಂಬಿದ್ದು ನಾನು. ಗಾಡಿ ಮಾರ್ತೀರ ಅಂತ ಅವರು ತಮ್ಮ ಮೇಲೆ ಹಾಕ್ಕೊಂಡ್ರು."

ಎದುರುಮನೆಯವರು ಚಪ್ಪಲಿ ನೋಡತೊಡಗಿದರು. ಯಜಮಾನರು ಕೆಂಪಾದರು. "ಐದು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲ ಮಾರಾಯ್ತಿ!"

"ಹೌದು. ಈಗ ಬೇಕಾದ್ರೆ ಗಾಡಿ ಮಾರಿ."

ಅವರು ಗಾಡಿಯ ಮಾತೇ ಎತ್ತಲಿಲ್ಲ. ಜೇಬಿನಿಂದ ಫೋನ್ ತೆಗೆದರು. "ಮುರುಗೇಶಣ್ಣಾ, ಇವಳು ಎಲ್ಲ ಹೇಳಿದ್ಲು. ಊರ ತುಂಬ ನಿಮ್ಮ ಹೆಸರು ಕೆಡಿಸಿದ್ದು ನಾನು. ತಪ್ಪಾಯ್ತು. ಎದುರುಮನೆಯವರದ್ದು ಒಂದು ಮೋಟಾರ್ ಇದೆ, ನೀವೇ ನೋಡ್ಬೇಕು."

ಅತ್ತಲಿನ ಗಟ್ಟಿ ದನಿ ನನಗೂ ಕೇಳಿಸಿತು. "ಅಯ್ಯೋ ಬಿಡಿ ಸಾರ್, ಅದನ್ನ ನಾನು ಆವತ್ತೇ ಮರ್ತೆ."

ಮರೆತಿರಲಿಲ್ಲ. ಮರೆತವರು ಯಾರಾದರೂ ತುಕ್ಕು ಹಿಡಿದ ಮೋಟಾರು ಬಿಚ್ಚುವುದಕ್ಕೆಂದು, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕಾಲು ಗಂಟೆಯೊಳಗೆ ಬಂದು ನಿಲ್ಲುತ್ತಾರೆಯೇ?