ಮೇಲ್‌ನಿಂದ ಬಾರದ ಅಂಚು

ಪೆದ್ದಮ್ಮ ಅನ್ನುವುದು ಆಕೆಯ ಹೆಸರೇ. ಮನೆಮಾತಾದ ತೆಲುಗಿನಲ್ಲಿ ಆ ಮಾತಿಗೆ ದೊಡ್ಡಮ್ಮ ಎಂದರ್ಥ. ಅಜ್ಜಿಯ ಹೆಸರೆಂದು ಇಟ್ಟಿದ್ದರಿಂದ, ಲಂಗ ಹಾಕಿಕೊಂಡು ಓಡಾಡುವ ಕಾಲದಲ್ಲೂ ಓಣಿಯ ಮುದುಕರು ಆಕೆಯನ್ನು ಪೆದ್ದಮ್ಮಾ ಎಂದೇ ಕೂಗಬೇಕಾಗಿತ್ತು. ಈಗ ಐವತ್ತನಾಲ್ಕು ವರ್ಷ, ಹೆಸರಿಗೂ ವಯಸ್ಸಿಗೂ ಹೊಂದಿಕೆಯಾಗಿದೆ.

ಮೊಳಕಾಲ್ಮೂರಿನಲ್ಲಿ ಆಕೆಯ ಮನೆತನದವರು ಹೆಚ್ಚಾಗಿ ರೇಷ್ಮೆ ಸೀರೆ ನೇಯುವವರು. ಪೆದ್ದಮ್ಮ ಮಾತ್ರ ನೇಯ್ದವಳಲ್ಲ. ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಯಂತ್ರಕ್ಕೆ ರಟ್ಟಿನ ಕಾರ್ಡುಗಳು ಬೇಕು. ಕಾರ್ಡಿನಲ್ಲಿ ತೂತು ಇರುವ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ, ಹಾಗೆ ಅಂಚಿನಲ್ಲಿ ನವಿಲೋ ಗಿಳಿಯೋ ಮೂಡುತ್ತದೆ. ಆ ತೂತು ಹೊಡೆಯುವುದು ಆಕೆಯ ತಂದೆ ಗುರುಸ್ವಾಮಿಯ ಕಸುಬು. ಹನ್ನೆರಡನೆಯ ವಯಸ್ಸಿಗೆ ಗ್ರಾಫ್ ಹಾಳೆಯ ಚೌಕ ಓದಲು ಕಲಿತ ಪೆದ್ದಮ್ಮ, ಮದುವೆಯಾದರೂ, ಗಂಡ ತೀರಿಕೊಂಡರೂ, ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದಳು. ಕಬ್ಬಿಣದ ಉಳಿ ಹಿಡಿದು ಹಿಡಿದು ಬಲಗೈಯ ತೋರುಬೆರಳು ಗಿಣ್ಣಿನಲ್ಲಿ ಬಿಗಿದುಕೊಂಡಿತು. ಬೆಳಿಗ್ಗೆ ಎದ್ದಾಗ ಅದು ಮಡಚಲು ಸ್ವಲ್ಪ ಹೊತ್ತು ಬೇಕು.

ಆಮೇಲೆ ಊರಿಗೂ ಕಂಪ್ಯೂಟರ್ ಬಂತು. ದಾಯಾದಿ ಪೈಕಿಯ ವಿನೋದ್ ಡಿಸೈನ್ ಸೆಂಟರ್ ತೆರೆದು, ತೂತು ಹೊಡೆಯುವ ಯಂತ್ರ ತಂದ. ಪೆದ್ದಮ್ಮನ ಉಳಿಗೆ ಕೆಲಸ ತಪ್ಪಿತು. ಆದರೆ ಕಣ್ಣಿಗೆ ತಪ್ಪಲಿಲ್ಲ. ಪರದೆಯ ಮೇಲಿನ ಡಿಸೈನಿನಲ್ಲಿ ಒಂದು ಚೌಕ ಆಚೀಚೆಯಾದರೂ ಆಕೆಗೆ ಕಾಣುತ್ತಿತ್ತು. "ನೀವೇ ಕುಂದ್ರಿ ಅತ್ತಾ, ಮೌಸ್ ಹಿಡಿಯೋದು ಉಳಿ ಹಿಡಿದಷ್ಟು ಕಷ್ಟ ಅಲ್ಲ" ಎಂದು ವಿನೋದ್ ಕೂರಿಸಿದ. ನಲವತ್ತಾರನೆಯ ವಯಸ್ಸಿನಲ್ಲಿ ಆಕೆ ಮೌಸ್ ಹಿಡಿದಳು. ಗಿರಾಕಿಗಳು ಮೇಲ್‌ಗೆ ಹಾಕಿದ ಚಿತ್ರವನ್ನು ಮೌಸ್‌ನಿಂದ ಹಿಡಿದು, ಹಾಗೇ ಎಳೆದು ತಂದು ಡಿಸೈನ್ ಪ್ರೋಗ್ರಾಮಿನೊಳಗೆ ಬಿಡುವುದು ಆಕೆ ಕಲಿತ ಮೊದಲ ಪಾಠ. ಏಳು ವರ್ಷ ಹಾಗೇ ನಡೆಯಿತು.

ಕಳೆದ ವರ್ಷ ವಿನೋದ್ ಚಳ್ಳಕೆರೆಯ ವಿಶ್ವನಾಥನ ಅಂಗಡಿಯಿಂದ ಹೊಸ ಕಂಪ್ಯೂಟರ್ ತಂದ. ಅದು ಬಂದ ಮರುವಾರ ಚಳ್ಳಕೆರೆಯಿಂದಲೇ ಒಂದು ಮೇಲ್ ಬಂತು. ಕಳಿಸಿದವರು ಜಗದಾಂಬ, ಎಣ್ಣೆ ವ್ಯಾಪಾರಸ್ಥರ ಮನೆಯ ಹಿರಿಯ ಹೆಂಗಸು. ತಾಯಿಯ ಕಾಲದ ಮೊಳಕಾಲ್ಮೂರು ಸೀರೆ ಮಡಿಕೆ ಮಡಿಕೆಗೂ ಹರಿಯುತ್ತಿದೆ, ಪೂರ್ತಿ ಪುಡಿಯಾಗುವ ಮೊದಲು ಅದೇ ಅಂಚಿನಲ್ಲಿ ಇನ್ನೊಂದು ನೇಯಿಸಿಕೊಡಿ ಎಂದು ಬರೆದು, ಅಂಚನ್ನು ಸ್ಕ್ಯಾನ್ ಮಾಡಿಸಿ ಕಳಿಸಿದ್ದರು. ಗಿಳಿಯ ಸಾಲು, ನಡುನಡುವೆ ಮಾವಿನ ಕಾಯಿ. ನೇಯಲು ಒಪ್ಪಿದವನು ಪೆದ್ದಮ್ಮನ ತಮ್ಮ ದೇವೇಂದ್ರ. ಅವನ ಮಗ್ಗ ಶುಕ್ರವಾರ ಖಾಲಿಯಾಗುವುದಿತ್ತು.

ಪೆದ್ದಮ್ಮ ಎಂದಿನಂತೆ ಚಿತ್ರವನ್ನು ಹಿಡಿದು ಎಳೆದಳು. ಡಿಸೈನ್ ಪ್ರೋಗ್ರಾಮಿನ ಮೇಲೆ ಬರುತ್ತಲೇ ಬಾಣದ ಗುರುತು ಹೋಗಿ ಅಡ್ಡಗೆರೆಯ ಒಂದು ಸೊನ್ನೆ ಕಾಣಿಸಿತು. ಬೆರಳು ಬಿಟ್ಟರೆ ಏನೂ ಇಲ್ಲ. ಮತ್ತೆ ಎಳೆದಳು. ಮೆಲ್ಲಗೆ ಎಳೆದಳು, ಬಿಗಿಯಾಗಿ ಒತ್ತಿಕೊಂಡು ಎಳೆದಳು. ಅದೇ ಸೊನ್ನೆ. ಎಳೆಯುವಾಗ ಬೆರಳು ಒಂದು ಗಳಿಗೆ ಸಡಿಲಾದರೂ ಚಿತ್ರ ಜಾರಿಹೋಗುತ್ತದೆಂದು ಆಕೆಗೆ ಗೊತ್ತು. ಹಾಗಾದರೆ ಬೆರಳೇ ಸೋತಿದೆ. ಉಳಿ ಹಿಡಿಯುವಾಗ ಬಿಗಿದ ಬೆರಳು ಈಗ ಮೌಸಿಗೂ ಬೇಡವಾಯಿತು ಎಂದುಕೊಂಡಳು.

ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ವಿನೋದ್ ನೂಲು ತರಲು ರಾಮನಗರಕ್ಕೆ ಹೋಗಿದ್ದ. ಹೇಳಿದರೆ, "ಸಾಕು ಬಿಡ್ರಿ ಅತ್ತಾ, ಮನೇಲಿ ಆರಾಮಾಗಿರ್ರಿ" ಅಂದಾನು ಎಂಬ ಅಳುಕು. ಬೇರೆ ದಾರಿ ಹುಡುಕಿದಳು. ಮೇಲ್‌ನೊಳಗೇ ಚಿತ್ರದ ಮೇಲೆ ಎರಡು ಸಲ ಒತ್ತಿದರೆ, ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತಿತ್ತು, ಎಸ್ ಅಂದರೆ ಡಿಸೈನ್ ಪ್ರೋಗ್ರಾಮಿನಲ್ಲಿ ಚಿತ್ರ ತೆರೆದುಕೊಳ್ಳುತ್ತಿತ್ತು. ಅಷ್ಟು ಸಾಕು. ಮೂರು ದಿನ ಕೂತು, ಕಲೆ ಒರೆಸಿ, ಮಾಸಿದ ಗಿಳಿಯ ಕೊಕ್ಕನ್ನು ಚೌಕ ಚೌಕವಾಗಿ ತಿದ್ದಿದಳು. ಆಗಾಗ ಸೇವ್ ಒತ್ತಿದಳು. ಸೋಮವಾರ ಸಂಜೆ ಎಲ್ಲ ಮುಚ್ಚಿ ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಮೇಲ್‌ನಿಂದ ಅದೇ ಚಿತ್ರ ತೆರೆದರೆ ಕಲೆಗಳು ಇದ್ದಲ್ಲೇ ಇದ್ದವು. ಗಿಳಿಗೆ ಕೊಕ್ಕಿರಲಿಲ್ಲ. ಆಕೆ ಮಾಡಿದ್ದರಲ್ಲಿ ಒಂದು ಚೌಕವೂ ಇರಲಿಲ್ಲ.

ಮುಚ್ಚಿ ಮತ್ತೆ ತೆರೆದು ನೋಡಿದಳು, ಅದೇ. ಆಮೇಲೆ ವಿಶ್ವನಾಥನಿಗೆ ಫೋನ್ ಮಾಡಿದಳು.

"ಸೇವ್ ಮಾಡಿದ್ದು ಎಲ್ಲೋ ಕುಂತಿರ್ತದೆ ಅಮ್ಮಾ, ಹುಡುಕಬೇಕು" ಎಂದ ಅವನು. "ನೀವು ಇನ್ನ ಅದನ್ನ ಮುಟ್ಟಬ್ಯಾಡ್ರಿ. ನಾನು ಸೋಮವಾರ ಆ ಕಡೆ ಬರ್ತೀನಿ."

"ಸೋಮವಾರಕ್ಕೆ ನಮ್ಮ ತಮ್ಮನ ಮಗ್ಗ ಬೇರೇರ್ದು ಆಗಿರ್ತೈತಪ್ಪಾ."

"ಹಂಗಾದ್ರೆ ಡಬ್ಬೀನೇ ತಗಂಡು ಬರ್ರಿ. ಪರದೆ ಬ್ಯಾಡ."

ಪೆದ್ದಮ್ಮ ಕಂಪ್ಯೂಟರಿನ ಡಬ್ಬಿಯನ್ನು ಹಳೇ ಹತ್ತಿ ಸೀರೆಯಲ್ಲಿ ಕಟ್ಟಿ ಬಸ್ ಹತ್ತಿದಳು. "ಕುಕ್ಕರಾ ಅಮ್ಮಾ?" ಎಂದ ಕಂಡಕ್ಟರ್. "ಹೂಂ" ಎಂದಳು, ವಿವರಿಸುವ ಮನಸ್ಸಿರಲಿಲ್ಲ. ದಾರಿಯಲ್ಲಿ ತಳಕು ಊರು ದಾಟಿದರೂ ಅದು ತೊಡೆಯ ಮೇಲೇ ಇತ್ತು. ರಸ್ತೆ ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಅವಚಿಕೊಂಡಳು.

ವಿಶ್ವನಾಥನ ಅಂಗಡಿ ಚಳ್ಳಕೆರೆಯ ಬಸ್ ಸ್ಟ್ಯಾಂಡಿಗೆ ಹತ್ತಿರವೇ. ಅವನು ಡಬ್ಬಿಗೆ ತನ್ನ ಪರದೆ ಜೋಡಿಸಿ, ಮೇಲ್ ಪ್ರೋಗ್ರಾಮು ತಾತ್ಕಾಲಿಕವಾಗಿ ಕಡತ ಇಡುವ ಮರೆಯ ಜಾಗ ತೆಗೆದು, ತಾರೀಖಿನ ಪ್ರಕಾರ ಹುಡುಕಿದ. ಹತ್ತು ನಿಮಿಷಕ್ಕೆ ಕೊಕ್ಕಿರುವ ಗಿಳಿ ಪರದೆಯ ಮೇಲೆ ಬಂತು. ಪೆದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೇಲ್‌ನೊಳಗಿಂದ್ಲೇ ತೆಗೆದ್ರೆ ಅದು ಒಂದು ನಕಲು ಮಾಡಿ, ಈ ಮೂಲೇಲಿಟ್ಟು ತೋರಿಸ್ತದೆ" ಎಂದ ವಿಶ್ವನಾಥ. "ನೀವು ತಿದ್ದಿದ್ದೆಲ್ಲ ಆ ನಕಲಿಗೆ. ಮೇಲ್‌ನಲ್ಲಿರೋದು ಹೆಂಗಿತ್ತೋ ಹಂಗೇ ಇರ್ತದೆ. ಈ ಜಾಗ ಆಗಾಗ ತಾನೇ ಗುಡಿಸಿ ಹಾಕ್ತದೆ, ನಿಮ್ಮ ಪುಣ್ಯ, ಇನ್ನ ಗುಡಿಸಿರ್ಲಿಲ್ಲ. ಅಲ್ಲಾ, ಎಳೆದು ಹಾಕಬೋದಿತ್ತಲ್ಲ, ಯಾಕೆ ಹಿಂಗೆ ತೆಗೆದ್ರಿ?"

ಇಷ್ಟಾದ ಮೇಲೆ ಮುಚ್ಚಿಟ್ಟು ಫಲವಿರಲಿಲ್ಲ. ಪೆದ್ದಮ್ಮ ಬಲಗೈ ಮುಂದೆ ಚಾಚಿದಳು. "ಈ ಬೆರಳು ನೋಡಪ್ಪಾ. ಎಳೀತೈತೆ, ಆದ್ರೆ ಅಲ್ಲಿಗಂಟ ಹಿಡಿಯಾಕಾಗವಲ್ದು. ಸೊನ್ನೆ ಬರ್ತೈತೆ."

"ಎಂಥಾ ಸೊನ್ನೆ?"

"ನಡುವೆ ಗೆರೆ ಇರೋದು."

ವಿಶ್ವನಾಥ ಮೌಸ್ ತನ್ನ ಕಡೆ ಎಳೆದುಕೊಂಡ. ಮೇಲ್‌ನಲ್ಲಿದ್ದ ಚಿತ್ರ ಹಿಡಿದು ಡಿಸೈನ್ ಪ್ರೋಗ್ರಾಮಿನ ಮೇಲೆ ತಂದ. ಸೊನ್ನೆ ಬಂತು. ಇನ್ನೊಮ್ಮೆ ಎಳೆದ. ಮತ್ತೆ ಸೊನ್ನೆ.

"ಇನ್ನೊಂದ್ಸಲ ಎಳಿಯಪ್ಪಾ" ಎಂದಳು ಪೆದ್ದಮ್ಮ.

ಅವನು ಎಳೆದ. ಅವನಿಗೆ ಮೂವತ್ತೈದು ವರ್ಷ, ಬೆರಳೆಲ್ಲ ನೆಟ್ಟಗಿದ್ದವು. ಸೊನ್ನೆಯೇ ಬಂತು.

"ನಿಮ್ಮ ಬೆರಳಿಂದಲ್ಲಮ್ಮ" ಎಂದ. "ಇದು ನನ್ನ ತಪ್ಪು. ಡಿಸೈನ್ ಪ್ರೋಗ್ರಾಮು ಕಾರ್ಡ್ ಮಷಿನ್ ಜೊತೆ ಮಾತಾಡ್ಲಿ ಅಂತ ಅದಕ್ಕೆ ನಾನು ಜಾಸ್ತಿ ಅಧಿಕಾರ ಕೊಟ್ಟಿದ್ದೆ. ಮೇಲ್ ಸಾದಾ ಅಧಿಕಾರದಾಗೆ ನಡೀತದೆ. ಸಾದಾದು ಎಳ್ಕಂಡು ಬಂದು ಕೊಟ್ಟಿದ್ದನ್ನ ಮೇಲಿನ ಅಧಿಕಾರದ್ದು ಕೈಯಾಗೆ ಇಸ್ಕಣಾಕೆ ವಿಂಡೋಸ್ ಬಿಡಲ್ಲ. ಯಾರು ಎಳೆದ್ರೂ ಅಷ್ಟೇ. ನಿಮಗೆ ಹೇಳಬೇಕಿತ್ತು, ಮರೆತೆ."

ಪೆದ್ದಮ್ಮ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿಕೊಂಡಳು. ನೋವಂತೂ ಇದ್ದೇ ಇತ್ತು. ಆದರೆ ನಾಲ್ಕು ದಿನದಿಂದ ಎದೆಯಲ್ಲಿದ್ದ ಭಾರ ಇಳಿಯಿತು.

"ಮತ್ತೆ ನಾನು ಹೆಂಗೆ ತರ್ಲಿ?"

"ಮೊದ್ಲು ಮೇಲ್‌ನಿಂದ ಒಂದು ಫೋಲ್ಡರಿಗೆ ಇಳಿಸ್ರಿ, ಸೇವ್ ಆಸ್ ಅಂತ ಒತ್ತಿ. ಆಮೇಲೆ ಡಿಸೈನ್ ಪ್ರೋಗ್ರಾಮಿನೊಳಗೆ ಹೋಗಿ, ಓಪನ್ ಅಂತ ಹೇಳಿ, ಆ ಫೋಲ್ಡರಿಂದ ತಗಳ್ರಿ. ಎರಡು ಕೆಲಸ ಆಗ್ತದೆ, ಆದ್ರೆ ಕಳೆಯಲ್ಲ."

ಅವನು ಒಂದು ಫೋಲ್ಡರ್ ಮಾಡಿ, ಸಿಕ್ಕ ಗಿಳಿಯನ್ನು ಅದರಲ್ಲಿಟ್ಟ. ಪೆದ್ದಮ್ಮ ತಾನೇ ಮೂರು ಸಲ ಇಳಿಸಿ, ಮೂರು ಸಲ ತೆರೆದು ನೋಡಿದಳು. ನಾಲ್ಕನೆಯ ಸಲ ಅವನು "ಬಂತಲ್ಲಮ್ಮ" ಅಂದರೂ ಕೇಳದೆ ಮಾಡಿದಳು.

ಹಿಂದಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು, ಜಗದಾಂಬ ಅವರ ಮನೆ ಹುಡುಕಿಕೊಂಡು ಹೋದಳು. ಇಲ್ಲಿಯವರೆಗೆ ಬಂದು ಸೀರೆ ನೋಡದೆ ಹೋಗುವುದು ಸರಿ ಕಾಣಲಿಲ್ಲ.

"ನೀವೇ ಪೆದ್ದಮ್ಮನಾ? ಯಾರೋ ನನಗಿಂತ ದೊಡ್ಡೋರು ಅನ್ಕಂಡಿದ್ದೆ, ಬರ್ರಿ" ಎಂದು ಜಗದಾಂಬ ಒಳಗೆ ಕರೆದು, ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಸೀರೆ ತಂದರು. ಪೆದ್ದಮ್ಮ ಅದನ್ನು ಚಾಪೆಯ ಮೇಲೆ ಬಿಡಿಸಿ, ಕನ್ನಡಕ ಏರಿಸಿ, ಅಂಚಿನ ಎಳೆಗಳನ್ನು ಉಗುರಿನಿಂದ ಎಣಿಸಿದಳು. ಎಣಿಸಿದ್ದನ್ನೇ ಮತ್ತೆ ಎಣಿಸಿದಳು.

"ಅಮ್ಮಾ, ಇದನ್ನ ಸ್ಕ್ಯಾನ್ ಮಾಡಿದಾಗ ಮಡಿಕೆ ಬಿಡಿಸಿದ್ರಾ?"

"ಹರೀತದೆ ಅಂತ ಬಿಡಿಸ್ಲಿಲ್ಲ. ಮಡಿಕೆ ಇದ್ದಂಗೇ ಗಾಜಿನ ಮೇಲಿಟ್ಟು ಮುಚ್ಚಿದ್ರು. ಯಾಕ್ರೀ?"

"ಮಡಿಕೆ ಒಳಗೆ ಎರಡು ಸಾಲು ಉಳಕಂಡಾವೆ. ಗಿಳಿ ಕಾಲ್ಕೆಳಗೆ ಒಂದು ಬಳ್ಳಿ ಐತೆ ನೋಡ್ರಿ. ನಾನು ಮಾಡಿದ್ದ ಗಿಳಿಗೆ ನಿಂತ್ಕಳಾಕೆ ಜಾಗನೇ ಇಲ್ಲ."

ಜಗದಾಂಬ ಬಗ್ಗಿ ನೋಡಿದರು. "ಅರವತ್ತೆಂಟು ವರ್ಷ ಆಯ್ತು ನನಗೆ. ಈ ಬಳ್ಳಿ ಒಂದಿನಾನೂ ನೋಡಿರ್ಲಿಲ್ಲ" ಎಂದರು. ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟು, ಪೆದ್ದಮ್ಮ ಬಳ್ಳಿಯನ್ನು ಹಾಳೆಯ ಮೇಲೆ ಚೌಕ ಗೀಚಿ ತೆಗೆದುಕೊಳ್ಳುವವರೆಗೂ ಪಕ್ಕದಲ್ಲೇ ಕೂತಿದ್ದರು.

ಬುಧವಾರ, ಗುರುವಾರ ಕೂತು ಪೆದ್ದಮ್ಮ ಆ ಎರಡು ಸಾಲು ಸೇರಿಸಿದಳು. ಶುಕ್ರವಾರ ಕಾರ್ಡುಗಳು ದೇವೇಂದ್ರನ ಮನೆಗೆ ಹೋದವು. ಮೊದಲ ಗೇಣು ನೇಯ್ದು ಅವನು ಅಕ್ಕನನ್ನು ಕರೆಸಿದ. ಆಕೆ ಬಗ್ಗಿ ನೋಡಿ, "ಮೂರನೇ ಗಿಳಿ ಬಾಲದಲ್ಲಿ ಒಂದು ಎಳೆ ತಪ್ಪೈತೆ, ಕಾರ್ಡಿಂದಲ್ಲ, ನಿಂದು" ಎಂದಳು. ಅವನು ನೋಡಿ, "ಪರವಾಲೇದು, ಬಿಚ್ತೀನಿ ತಗಾ" ಎಂದ. ತಿಂಗಳೊಳಗೆ ಸೀರೆ ಚಳ್ಳಕೆರೆ ತಲುಪಿತು. ಜಗದಾಂಬ ಅದನ್ನುಟ್ಟು ಮೊಳಕಾಲ್ಮೂರು ಕಡೆಯ ಜಟಿಂಗ ರಾಮೇಶ್ವರನ ಗುಡಿಗೆ ಹೋಗಿ, ಬರುವಾಗ ಸೆಂಟರಿಗೆ ಬಂದು ಅಂಚನ್ನು ತೋರಿಸಿ ಹೋದರು.

ರಾಮನಗರದಿಂದ ಬಂದ ವಿನೋದನಿಗೆ ಪೆದ್ದಮ್ಮ ನಡೆದದ್ದೆಲ್ಲ ಹೇಳಿದಳು, ಬೆರಳಿನ ಅಳುಕನ್ನೂ ಸೇರಿಸಿ. ಅವನು "ಬಸ್ಸಲ್ಲಿ ಹೊತ್ಕಂಡು ಹೋದ್ರಾ? ನನಗೊಂದು ಫೋನ್ ಮಾಡಬಾರ್ದಾ ಅತ್ತಾ" ಎಂದಷ್ಟೇ ಅಂದ. ವಿಶ್ವನಾಥ ಮುಂದಿನ ಸಲ ಬಂದಾಗ, ಮೇಲ್‌ನಿಂದ ಎಳೆದು ಬಿಡುವುದು ಮೊದಲಿನಂತೆ ನಡೆಯುವ ಹಾಗೆ ಮಾಡಿಕೊಡಲೇ ಎಂದು ಕೇಳಿದ. ಬೇಡವೆಂದಳು ಪೆದ್ದಮ್ಮ. ಈಗ ಗಿರಾಕಿಯ ಹೆಸರಿಗೊಂದು ಫೋಲ್ಡರ್ ಮಾಡಿ, ಬಂದ ಚಿತ್ರವನ್ನು ಮೊದಲು ಅದರಲ್ಲಿ ಇಳಿಸಿಕೊಳ್ಳುತ್ತಾಳೆ. ಆಮೇಲೆ ಗಿರಾಕಿಗೆ ಫೋನ್ ಮಾಡಿ, ಸೀರೆಯ ಮಡಿಕೆ ಪೂರ್ತಿ ಬಿಡಿಸಿದ್ದರೋ ಇಲ್ಲವೋ ಎಂದು ವಿಚಾರಿಸುತ್ತಾಳೆ.